ಪಾರ್ಸೆಲಣ್ಣ ಕ್ಯಾಮೆರಾ ಆರಿಸಿದ್ದು

ಫೋಟೋ ತೆಗೆಸಿಕೊಳ್ಳುವುದು ಮನೆಯಲ್ಲಿ ಒಂದು ದೊಡ್ಡ ಕಾರ್ಯಕ್ರಮವೇ ಆಗಿದ್ದ ಕಾಲದ ಮಾತು ಇದು. ಈಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ ಬಿಡಿ. ಊಟದ ತಟ್ಟೆಗೂ ಬೆಕ್ಕಿನ ಬಾಲಕ್ಕೂ ಫೋಟೋ ತೆಗೆಯುವವರಿಗೆ, ಒಂದೇ ಒಂದು ಫೋಟೋಗಾಗಿ ಮನೆಮಂದಿಯೆಲ್ಲ ತಲೆ ಬಾಚಿಕೊಂಡು, ಮಕ್ಕಳ ಮೂಗು ಒರೆಸಿ, ಯಾರ ಪಕ್ಕ ಯಾರು ನಿಲ್ಲಬೇಕೆಂದು ಜಗಳವಾಡಿ, ಕೊನೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು ಎಂದರೆ ನಂಬಿಕೆಯಾದರೂ ಹೇಗೆ ಬರಬೇಕು. ಆಗ ಕ್ಯಾಮೆರಾದ ಒಳಗೆ ರೀಲು ಎಂಬುದೊಂದು ಇರುತ್ತಿತ್ತು. ಒಂದು ರೀಲಿಗೆ ಮೂವತ್ತಾರು ಫೋಟೋ, ಮುಗಿದರೆ ಮುಗಿಯಿತು. ಅದನ್ನು ತೊಳೆಸಲು ದೊಡ್ಡ ಊರಿಗೆ ಕಳಿಸಬೇಕಿತ್ತು. ತೊಳೆದು ಬರುವಷ್ಟರಲ್ಲಿ ಫೋಟೋದಲ್ಲಿದ್ದ ಮಗುವಿಗೆ ಆ ಅಂಗಿ ಗಿಡ್ಡವಾಗಿರುತ್ತಿತ್ತು.

ಆ ಕಾಲದಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಪಾರ್ಸೆಲಣ್ಣನ ಮನೆ. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಸಂಬಳದ ದಿನ ಸಹಿ ಹಾಕುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಬೆಳಗ್ಗೆ ಹೋಗಿ ತಕ್ಕಡಿಯ ಧೂಳು ಒರೆಸಿ, ಗೋಂದಿನ ಡಬ್ಬಿ ಕಲಕಿ ಕೂತರೆ, ಹೊಲಿಗೆ ಯಂತ್ರ, ಟ್ರಂಕು, ಸೈಕಲ್ಲು, ಒಮ್ಮೆ ಯಾರದೋ ಅರ್ಧ ಪಿಯಾನೋ, ಎಲ್ಲವೂ ಅವನ ಕೈಯಿಂದ ಚೀಟಿ ಅಂಟಿಸಿಕೊಂಡು ದೇಶ ನೋಡಲು ಹೋಗುತ್ತಿದ್ದವು. ಅವನು ಮಾತ್ರ ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮನೆಗೆ. ತಾನು ಕಳಿಸಿದ ಮಾಲು ಯಾವತ್ತೂ ತಲುಪಬೇಕಾದವರಿಗೆ ತಲುಪದೆ ಇದ್ದದ್ದಿಲ್ಲ ಎಂಬುದೊಂದೇ ಅವನ ಹೆಮ್ಮೆ.

ಹೆಂಡತಿ ಸಮುದ್ರದ ಪಕ್ಕ ಹುಟ್ಟಿ ಬೆಳೆದವಳು. ಮದುವೆಯಾಗಿ ಈ ಒಣ ಊರಿಗೆ ಬಂದ ಮೇಲೆ ನೀರು ಅಂತ ಕಂಡಿದ್ದು ನಲ್ಲಿಯಲ್ಲಿ ಮಾತ್ರ. ರೈಲ್ವೆಯವರು ವರ್ಷಕ್ಕೊಮ್ಮೆ ಗಂಡ ಹೆಂಡತಿ ಇಬ್ಬರಿಗೂ ಪುಕ್ಕಟೆ ಪಾಸು ಕೊಡುತ್ತಿದ್ದರು. ಪ್ರತಿ ವರ್ಷವೂ ಒಂದಲ್ಲ ಒಂದು ನೆವದಲ್ಲಿ ಪಾಸು ಪೆಟ್ಟಿಗೆಯಲ್ಲೇ ಕೊಳೆಯುತ್ತಿತ್ತು. ಅವಳು ಕಾಡಿಸುವವಳಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಮದುವೆಯಲ್ಲಿ ತೆಗೆದ ಫೋಟೋದಲ್ಲಿ ಅವಳ ಕಣ್ಣು ಮುಚ್ಚಿತ್ತು, ಗಂಡ ಯಾರೋ ದೊಡ್ಡಪ್ಪನ ಮೊಣಕೈ ಹಿಂದೆ ಅಡಗಿದ್ದ. ಆ ಫೋಟೋ ನೋಡಿದವರು, ನಿದ್ದೆ ಮಾಡುತ್ತಿರುವ ಈ ಹುಡುಗಿಗೆ ಮೊಣಕೈ ಜೊತೆ ಮದುವೆಯಾಯಿತು ಎಂದೇ ತಿಳಿಯಬೇಕು. "ನಂಗೆ ಒಂದೇ ಒಂದು ಫೋಟೋ ಬೇಕು ರೀ," ಎನ್ನುತ್ತಿದ್ದಳು. "ನಾನು ಕಣ್ಣು ಬಿಟ್ಕೊಂಡಿರ್ಬೇಕು. ಪಕ್ಕದಲ್ಲಿ ನೀವಿರ್ಬೇಕು. ಹಿಂದೆ ಸಮುದ್ರ ಇರ್ಬೇಕು. ಅಷ್ಟೇ." ಅವನು ಹೂಂ ಎನ್ನುತ್ತಿದ್ದ, ವರ್ಷ ಕಳೆಯುತ್ತಿತ್ತು.

ಹೀಗಿರುವಾಗ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಅಳಿಯನ ಜೊತೆ ಪ್ರವಾಸ ಹೋಗಿ ಬಂದರು. ಬಂದವರೇ ಬೀದಿಯವರನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ಫೋಟೋ ಹಂಚಿದರು. "ಇದು ನಾನು, ಜಲಪಾತದ ಮುಂದೆ."

"ತಲೆ ಎಲ್ಲಿ ಮೇಷ್ಟ್ರೇ?" ಎಂದು ಟೈಲರಮ್ಮ ಕೇಳಿದಳು. ಅವಳು ಬೀದಿಯ ತುದಿಯಲ್ಲಿ ಬಟ್ಟೆ ಹೊಲಿಯುವವಳು. ಎಲ್ಲಿ ಏನು ಕಡಿಮೆ ಬಿದ್ದಿದೆ ಎಂದು ಅವಳ ಕಣ್ಣಿಗೆ ಮೊದಲು ಕಾಣುತ್ತಿತ್ತು.

"ನೀರು ಬೀಳೋ ಜಾಗ ಪೂರ್ತಿ ಬರ್ಲಿ ಅಂತ ನಮ್ಮ ಅಳಿಯಂದಿರು ತಲೆ ಬಿಟ್ಟಿದಾರೆ. ತಲೆ ನೀವು ದಿನಾ ನೋಡ್ತೀರಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಾರ್ಸೆಲಣ್ಣನ ನಾಲಿಗೆ ಸುಮ್ಮನಿರಬೇಕಲ್ಲ. ಕ್ಯಾಮೆರಾ ಎಂಬುದನ್ನು ಕೈಯಲ್ಲಿ ಹಿಡಿದೂ ನೋಡದ ಆ ಮನುಷ್ಯ ಗಂಟಲು ಸರಿಮಾಡಿಕೊಂಡು, "ಪ್ರವಾಸದ ಫೋಟೋ ಅಂದ್ರೆ ಅದಕ್ಕೆ ಕ್ಯಾಮೆರಾನೇ ಬೇರೆ ಇರುತ್ತೆ ಮೇಷ್ಟ್ರೇ. ಅಳೆದು ತೂಗಿ ಆರಿಸ್ಬೇಕು. ನಾವು ಈ ತಿಂಗಳ ಕೊನೇಲಿ ಸಮುದ್ರಕ್ಕೆ ಹೋಗ್ತಿದೀವಿ. ತಂದು ತೋರಿಸ್ತೀನಿ ನೋಡಿ, ಫೋಟೋ ಅಂದ್ರೆ ಏನು ಅಂತ," ಎಂದುಬಿಟ್ಟ. ಪ್ರವಾಸದ ಸುದ್ದಿ ಅವನ ಹೆಂಡತಿಗೆ ತಿಳಿದದ್ದೂ ಆಗಲೇ, ಕಿಟಕಿಯ ಮೂಲಕ. ಅವನು ಒಳಗೆ ಬಂದಾಗ ಅವಳು ಪೆಟ್ಟಿಗೆಯಿಂದ ಪಾಸು ತೆಗೆದು ಮೇಜಿನ ಮೇಲಿಟ್ಟಿದ್ದಳು. ಮುಖ ಅರಳಿತ್ತು. ಪಾಸಿನ ಗಡುವು ಅದೇ ತಿಂಗಳಿಗೆ ಮುಗಿಯುತ್ತಿತ್ತು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಅಂಗಡಿಬೀದಿಯಲ್ಲಿ ಗಡಿಯಾರ, ರೇಡಿಯೋ, ಹಳೆಯ ಕ್ಯಾಮೆರಾ ಮಾರುವ ಒಬ್ಬ ಯಜಮಾನರಿದ್ದರು. ಅವರ ಸರಕೆಲ್ಲ ಪಾರ್ಸೆಲಣ್ಣನ ಕೈ ದಾಟಿಯೇ ಬರುತ್ತಿದ್ದರಿಂದ ಅವನ ಮೇಲೆ ಅವರಿಗೆ ಅಭಿಮಾನ.

"ಯಾವ ಥರದ್ದು ಬೇಕು?"

"ಪ್ರವಾಸಕ್ಕೆ ಹೋಗೋ ಥರದ್ದು."

"ನೀವು ಕರ್ಕೊಂಡು ಹೋದ್ರೆ ಎಲ್ಲವೂ ಹೋಗ್ತವೆ," ಎಂದು ಯಜಮಾನರು ಮೂರು ಕ್ಯಾಮೆರಾಗಳನ್ನು ಮುಂದಿಟ್ಟರು. ಒಂದು ಅಂಗೈಯಗಲದ್ದು. ಇನ್ನೊಂದು ಪೆಟ್ಟಿಗೆಯಂಥದು, ಮೇಲಿನಿಂದ ಬಗ್ಗಿ ನೋಡಬೇಕು. ಮೂರನೆಯದು ಮಧ್ಯಮ ಗಾತ್ರದ್ದು, ಮೂತಿಯ ಪಕ್ಕ ಒಂದು ಸಣ್ಣ ಕಡ್ಡಿ ಇತ್ತು. "ಒಂದೊಂದಾಗಿ ಮನೆಗೆ ಒಯ್ದು ನೋಡಿ. ಕೈಗೆ ಹೊಂದಿದ್ದು ಇಟ್ಕೊಳ್ಳಿ. ರೀಲು ಮಾತ್ರ ಇರೋದು ಒಂದೇ. ಇನ್ನು ಬರೋದು ಯಾವಾಗ್ಲೋ."

ಆ ಒಂದು ರೀಲು ಮನೆಗೆ ಬಂದು ಹೆಂಡತಿಯ ಬೀರುವಿನಲ್ಲಿ ಟವೆಲ್ಲುಗಳ ನಡುವೆ ಕೂತಿತು. ಸಮುದ್ರ ಕಾಣುವ ತನಕ ಅದನ್ನು ಮುಟ್ಟಬಾರದೆಂದು ಗಂಡಹೆಂಡತಿ ಇಬ್ಬರೂ ಒಪ್ಪಿಕೊಂಡರು. ಇನ್ನು ಅಭ್ಯಾಸದ ಮಾತು. ಪಾರ್ಸೆಲ್ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು: ಹೊಸದಾಗಿ ಸೇರಿದವರು ಮೊದಲು ಖಾಲಿ ಪೆಟ್ಟಿಗೆಗೆ ಗೋಣಿ ಸುತ್ತಿ, ಹಗ್ಗ ಬಿಗಿದು, ಚೀಟಿ ಅಂಟಿಸಿ ಕೈ ಪಳಗಿಸಿಕೊಳ್ಳಬೇಕು, ಗಂಟು ಸರಿಬಂದ ಮೇಲೆಯೇ ನಿಜವಾದ ಮಾಲಿಗೆ ಕೈ. ಪಾರ್ಸೆಲಣ್ಣ ಕಲಿತದ್ದೂ ಹಾಗೆ, ಇತರರಿಗೆ ಕಲಿಸಿದ್ದೂ ಹಾಗೆ. ಆದ್ದರಿಂದ ಖಾಲಿ ಕ್ಯಾಮೆರಾದಲ್ಲಿ ಕೈ ಪಳಗಿಸಿಕೊಳ್ಳುವುದರಲ್ಲಿ ವಿಚಿತ್ರವೇನೂ ಅವನಿಗೆ ಕಾಣಲಿಲ್ಲ. ವಿಚಿತ್ರ ಏನೆಂದರೆ, ಕ್ಯಾಮೆರಾ ಖಾಲಿ ಎಂದು ಬೀದಿಯವರಿಗೆ ಹೇಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಅಂಗೈಯಗಲದ ಕ್ಯಾಮೆರಾ ಹಿಡಿದು ಬಾಗಿಲಿಗೆ ಬಂದ. ಟೈಲರಮ್ಮ ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಕ್. ಅವಳು ತಿರುಗಿ ನೋಡಿ, "ಅಯ್ಯೋ ಪಾರ್ಸೆಲಣ್ಣ, ಹೀಗೆ ತೆಗೀತಾರಾ? ತಡಿ, ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ," ಎಂದಳು. ಬಂದಳು, ನಿಂತಳು. ಕ್ಲಿಕ್. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು. ಅಷ್ಟರಲ್ಲಿ ಹೆಡ್‌ಮಾಸ್ತರರು ಕೋಟು ತೊಟ್ಟು, ಕೈಯಲ್ಲಿ ದಪ್ಪನೆಯ ಪುಸ್ತಕ ಹಿಡಿದು ಹೊರಬಂದರು. "ಈ ಸಲ ತಲೆ ಬರ್ಲಪ್ಪ," ಎಂದರು. ಕ್ಲಿಕ್. ಪಾರ್ಸೆಲಣ್ಣನಿಗೆ ಹುರುಪೇ ಹುರುಪು. ಇಷ್ಟು ಒಳ್ಳೆಯ ಜನ ತನ್ನ ಅಭ್ಯಾಸಕ್ಕೆ ನೆರವಾಗುತ್ತಿದ್ದಾರಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಬೀದಿಯ ಮೂಲೆಮನೆಯಲ್ಲಿ ಒಬ್ಬ ಅಜ್ಜಿ. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡು, "ನನ್ನದೂ ಒಂದು ತೆಗಿಯಪ್ಪ," ಎಂದಳು. "ದೂರದೂರಲ್ಲಿ ನನ್ನ ತಂಗಿ ಇದಾಳೆ. ನನ್ನ ಮುಖ ನೋಡಿ ಎಷ್ಟು ಕಾಲ ಆಯ್ತೋ. ಅವಳಿಗೂ ಬರೋಕಾಗಲ್ಲ, ನನಗೂ ಹೋಗೋಕಾಗಲ್ಲ. ಫೋಟೋನಾದ್ರೂ ಹೋಗ್ಲಿ." ಕ್ಯಾಮೆರಾ ಖಾಲಿ ಎಂದು ಹೇಳಬೇಕಿತ್ತು ಎಂದು ಪಾರ್ಸೆಲಣ್ಣನಿಗೆ ಆಗ ಮೊದಲ ಬಾರಿಗೆ ಹೊಳೆಯಿತು. ಆದರೆ ಬೀದಿಗೆ ಬೀದಿಯೇ ಸುತ್ತ ನಿಂತಿತ್ತು. ಅಷ್ಟು ಜನರೆದುರು "ಇದರಲ್ಲಿ ಏನೂ ಇಲ್ಲ" ಎನ್ನಲು ಬಾಯಿ ಬರಲಿಲ್ಲ. ಕ್ಲಿಕ್ ಎನ್ನಿಸಿ ಮನೆಗೆ ಬಂದುಬಿಟ್ಟ.

ಅಂಗೈಯಗಲದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. ಆಫೀಸಿನ ತಕ್ಕಡಿಯಲ್ಲಿಟ್ಟು ನೋಡಿದ. ಮುಳ್ಳು ಅಲುಗಲೇ ಇಲ್ಲ. ತೂಕವೇ ಇಲ್ಲದ ವಸ್ತು ಒಂದು ಸಮುದ್ರವನ್ನು ಹೇಗೆ ಹಿಡಿದೀತು ಎಂಬುದು ಅವನ ವಾದ. ಅದನ್ನು ಹಿಂದಿರುಗಿಸಿ ಪೆಟ್ಟಿಗೆಯಂಥದನ್ನು ತಂದ.

ಈ ಪೆಟ್ಟಿಗೆಯ ಮೇಲಿನ ಗಾಜಿನಲ್ಲಿ ಲೋಕವೆಲ್ಲ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಮಧ್ಯಾಹ್ನ ರೈಲಿಲ್ಲದ ಹೊತ್ತಿನಲ್ಲಿ ಆಫೀಸಿನ ಮೂಲೆಗೆ ಮುಖ ಮಾಡಿ, ಬಗ್ಗಿ ಅಭ್ಯಾಸ ಮಾಡುತ್ತಿದ್ದ. ಆ ಮೂಲೆಯಲ್ಲಿ ಯಾರೂ ಬಂದು ಒಯ್ಯದ ಹಳೆಯ ಪಾರ್ಸೆಲ್ಲುಗಳ ರಾಶಿಯಿತ್ತು. ಗಾಜಿನೊಳಗೆ ಯಾರೋ ಬಂದು ನಿಂತ ಹಾಗಾಯಿತು. ಕೂಲಿಯವರ ಪೈಕಿ ಯಾರೋ ಎಂದುಕೊಂಡು ತಲೆಯೆತ್ತದೆ, "ಒಂಚೂರು ಹಿಂದೆ ಸರಿ. ಇನ್ನೂ. ಆ ಹೊಟ್ಟೆ ಸ್ವಲ್ಪ ಒಳಗೆ ಎಳ್ಕೊ," ಎಂದ. ಹೊಟ್ಟೆ ಒಳಗೆ ಹೋಯಿತು. ಕ್ಲಿಕ್ ಎಂದ ಮೇಲೆ ತಲೆಯೆತ್ತಿದರೆ, ವಿಭಾಗದ ಇನ್‌ಸ್ಪೆಕ್ಟರ್ ಸಾಹೇಬರು. ಹಿಂದೆ ಸ್ಟೇಷನ್ ಮಾಸ್ತರರು ಮುಖದಲ್ಲಿ ರಕ್ತವಿಲ್ಲದೆ ನಿಂತಿದ್ದರು.

"ಏನಿದು?" ಎಂದರು ಸಾಹೇಬರು, ಇನ್ನೂ ಉಸಿರು ಬಿಡದೆ.

ಸ್ಟೇಷನ್ ಮಾಸ್ತರರು ನಡುವೆ ನುಗ್ಗಿ, "ದಾಖಲೆಗೆ ಸಾರ್. ಆಫೀಸು ಹೇಗಿದೆ ಅಂತ ಎಲ್ಲಾ ಫೋಟೋ ತೆಗೆದಿಡ್ತಿದೀವಿ," ಎಂದುಬಿಟ್ಟರು.

ಸಾಹೇಬರ ತಲೆಯಲ್ಲಿ ಹುಳ ಹೊಕ್ಕಿತು. ತಮಗೆ ಗೊತ್ತಿಲ್ಲದೆ ಮೇಲಿನಿಂದ ಹೀಗೊಂದು ಆಜ್ಞೆ ಬಂದಿದೆಯೆಂದರೆ, ತಮ್ಮ ಮೇಲೂ ಯಾರದೋ ಕಣ್ಣಿರಬೇಕು. ಹಿಂದೆ ತಿರುಗಿ ಕೊಳೆಯುತ್ತಿದ್ದ ರಾಶಿಯನ್ನು ನೋಡಿದರು. ಆ ರಾಶಿಯ ಮುಂದೆ ಹೊಟ್ಟೆ ಒಳಗೆಳೆದು ನಿಂತ ತಮ್ಮ ಫೋಟೋ ಆಗಲೇ ತೆಗೆದಾಗಿತ್ತು. "ಇದನ್ನೆಲ್ಲ ಇವತ್ತೇ ವಿಲೇವಾರಿ ಮಾಡಿ. ಆಮೇಲೆ ಇನ್ನೊಂದು ಫೋಟೋ ತೆಗೀರಿ. ಮೊದಲಿಂದು ಬೇಡ. ಎರಡನೇದರ ಒಂದು ಪ್ರತಿ ನನಗೆ ಕಳಿಸಿ," ಎಂದರು. ಸಂಜೆಯೊಳಗೆ ಆ ಮೂಲೆ ಕನ್ನಡಿಯ ಹಾಗೆ ಹೊಳೆಯಿತು. ಸಾಹೇಬರೂ ಸ್ಟೇಷನ್ ಮಾಸ್ತರರೂ ಕೈ ಕುಲುಕುತ್ತಾ ನಿಂತರು, ಕ್ಲಿಕ್ ಎಂದಿತು. ಪಾರ್ಸೆಲಣ್ಣನ ರಜೆ ಕೇಳುವ ಮೊದಲೇ ಮಂಜೂರಾಯಿತು.

ಮನೆಗೆ ಹೋದರೆ ಭಾಮೈದ ಕೂತಿದ್ದ. ಹೆಂಡತಿಯ ಈ ತಮ್ಮ ಎಲ್ಲೋ ಒಂದು ಫೋಟೋಗ್ರಫಿ ಪತ್ರಿಕೆಯ ಒಂದೇ ಒಂದು ಸಂಚಿಕೆ ಓದಿದ್ದ. ಅಂದಿನಿಂದ ಕಣ್ಣು ಸಣ್ಣಗೆ ಮಾಡಿಯೇ ಲೋಕ ನೋಡುತ್ತಿದ್ದ.

"ಭಾವ, ಈ ಪೆಟ್ಟಿಗೆ ಪ್ರವಾಸಕ್ಕೆ ಆಗಲ್ಲ. ನಿಮಗೆ ಉದ್ದನೆ ಲೆನ್ಸು ಬೇಕು. ಸಮುದ್ರದಲ್ಲಿ ಹಕ್ಕಿ ಹಾರುತ್ತೆ, ಅದರ ಕಣ್ಣು ಕಾಣ್ಬೇಕು."

"ಹಕ್ಕಿ ಕಣ್ಣು ಕಟ್ಕೊಂಡು ನಾನೇನು ಮಾಡ್ಲಿ?"

"ಅಗಲವಾದ್ದೂ ಒಂದು ಬೇಕು. ಆಕಾಶ ಬರ್ಬೇಕಲ್ಲ. ಮೂರು ಕಾಲಿನ ಸ್ಟ್ಯಾಂಡು, ಕೊಡೆ, ಮಳೆ ಬಂದ್ರೆ ಇನ್ನೊಂದು ಕೊಡೆ."

"ಇಷ್ಟೆಲ್ಲ ಹೊತ್ಕೊಂಡು ಹೋಗೋಕೆ ಪಾಸು ಇಬ್ರಿಗೇ ಇರೋದು ಮಾರಾಯ," ಎಂದ ಪಾರ್ಸೆಲಣ್ಣ.

ಅಡುಗೆಮನೆಯಲ್ಲಿದ್ದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಕೇಳಿದಳು: "ಅದೆಲ್ಲ ಇರ್ಲಿ. ನಾವಿಬ್ರೂ ಒಟ್ಟಿಗೆ ಬರೋದು ಯಾವುದರಲ್ಲಿ?"

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ ಎಂಬ ಸಣ್ಣ ವಿಷಯ ಇಬ್ಬರಿಗೂ ಹೊಳೆದಿರಲಿಲ್ಲ. ಮರುದಿನ ಯಜಮಾನರು ನಕ್ಕು ಮೂರನೆಯ ಕ್ಯಾಮೆರಾ ಕೊಟ್ಟರು. ಅದರ ಮೂತಿಯ ಪಕ್ಕದ ಕಡ್ಡಿಯನ್ನು ಕೆಳಗೆಳೆದು ಗುಂಡಿ ಒತ್ತಿದರೆ ಗುರ್ ಎಂದು ಸದ್ದು ಮಾಡುತ್ತಾ ಕಡ್ಡಿ ನಿಧಾನ ಮೇಲೇರುತ್ತಿತ್ತು. ಅಷ್ಟರಲ್ಲಿ ಓಡಿಹೋಗಿ ನಿಂತರೆ ಕ್ಯಾಮೆರಾ ತಾನೇ ಕ್ಲಿಕ್ ಎನ್ನುತ್ತಿತ್ತು. ಪಾರ್ಸೆಲಣ್ಣ ತಕ್ಕಡಿಗೆ ಹಾಕಿ ನೋಡಿದ. ಮುಳ್ಳು ಮರ್ಯಾದೆಯಾಗಿ ಅಲುಗಿತು. ಕ್ಯಾಮೆರಾ ಆರಿಸಿಯಾಯಿತು.

ಆದರೆ ಓಡುವ ಅಭ್ಯಾಸ ಆಗಬೇಕಿತ್ತು. ಕ್ಯಾಮೆರಾವನ್ನು ಹೆಡ್‌ಮಾಸ್ತರರ ಕಾಂಪೌಂಡಿನ ಮೇಲಿಟ್ಟು, ಗುಂಡಿ ಒತ್ತಿ, ಬೀದಿ ದಾಟಿ ತನ್ನ ಬಾಗಿಲಿನವರೆಗೆ ಓಡುತ್ತಿದ್ದ. ಮೊದಲ ಸಲ ಟೈಲರಮ್ಮನ ಬಟ್ಟೆಯ ಬುಟ್ಟಿಗೆ ಬಿದ್ದ. ಮುಂದಿನ ಸಲ ಹೆಡ್‌ಮಾಸ್ತರರು ಅವನೇನೋ ತಪ್ಪಿಸಿಕೊಂಡು ಓಡುತ್ತಿದ್ದಾನೆಂದು ತಿಳಿದು ಕೋಲು ಅಡ್ಡ ಹಿಡಿದರು. ಅವನು ಸರಿಯಾಗಿ ತಲುಪುವಷ್ಟರಲ್ಲಿ ಬೀದಿಯ ಎಲ್ಲರೂ ಅವನ ಬಾಗಿಲಲ್ಲಿ ಸಾಲಾಗಿ ನಿಂತು ನಗುತ್ತಿದ್ದರು. ಗುರ್ ಎಂಬ ಸದ್ದು ಕೇಳಿದರೆ ಸಾಕು, ಮನೆಮನೆಯಿಂದ ಜನ ಓಡಿಬಂದು ನಿಲ್ಲುವುದು ರೂಢಿಯಾಯಿತು.

ಆಮೇಲೆ ಶುರುವಾಯಿತು ನೋಡಿ. "ಪಾರ್ಸೆಲಣ್ಣ, ಫೋಟೋ ಬಂತಾ?"

"ತೊಳೆಯೋಕೆ ಕೊಟ್ಟಿದೀನಿ," ಎಂಬ ಮಾತು ಅವನ ಬಾಯಿಂದ ಹೇಗೆ ಜಾರಿತೋ ಅವನಿಗೇ ಗೊತ್ತಿಲ್ಲ. ಜಾರಿದ ಮೇಲೆ ಮುಗಿಯಿತು. ಟೈಲರಮ್ಮ ಫೋಟೋ ಹಾಕಲು ಗೋಡೆಗೆ ಮೊಳೆ ಹೊಡೆದಳು. ಹೆಡ್‌ಮಾಸ್ತರರು ಜಲಪಾತದ ಫೋಟೋವನ್ನು ಚೌಕಟ್ಟಿನಿಂದ ಹೊರತೆಗೆದು ಚೌಕಟ್ಟು ಖಾಲಿ ಇಟ್ಟುಕೊಂಡರು. ಇನ್‌ಸ್ಪೆಕ್ಟರ್ ಸಾಹೇಬರು ದಿನವೂ ಸ್ಟೇಷನ್ನಿಗೆ ಫೋನು ಮಾಡಿ ವಿಚಾರಿಸಿದರು. ಇಷ್ಟು ದಿನ ಏನು ತೊಳೀತಿದಾರಪ್ಪ, ಸೋಪು ಹಾಕ್ತಿದಾರಾ ಎಂದು ಸ್ಟೇಷನ್ ಮಾಸ್ತರರು ರೇಗಿದರು. ಪಾರ್ಸೆಲಣ್ಣ ಹಿಂದಿನ ಗಲ್ಲಿಯಿಂದ ಓಡಾಡತೊಡಗಿದ.

ಒಂದು ಮಧ್ಯಾಹ್ನ ಮೂಲೆಮನೆ ಅಜ್ಜಿ ಗೋಡೆ ಹಿಡಿದುಕೊಂಡು ಪಾರ್ಸೆಲ್ ಆಫೀಸಿಗೇ ಬಂದಳು. ಅವಳು ಮನೆ ಬಿಟ್ಟು ಅಷ್ಟು ದೂರ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ತಾನೇ ಹೊಲಿದ ಒಂದು ಬಟ್ಟೆಯ ಚೀಲ, ಅಂಚಿಗೆ ನೀಲಿ ದಾರದ ಹೊಲಿಗೆ.

"ಫೋಟೋ ಬಂದ ಕೂಡ್ಲೆ ಇದರಲ್ಲಿ ಹಾಕಿ ಕಳಿಸ್ಬಿಡಪ್ಪ. ತಂಗಿ ವಿಳಾಸ ಮೇಲೆ ಬರೆಸಿದೀನಿ. ನೀನು ಕಳಿಸಿದ್ದು ತಲುಪದೆ ಇರಲ್ಲ ಅಂತ ಎಲ್ರೂ ಹೇಳ್ತಾರೆ," ಎಂದಳು.

ಅವನು ಚೀಲವನ್ನು ತಕ್ಕಡಿಯ ಮೇಲಿಟ್ಟ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಅಜ್ಜಿ ಹೋದ ಮೇಲೂ ಅದನ್ನೇ ನೋಡುತ್ತಾ ಕೂತ. ಬದುಕಿನಲ್ಲಿ ಮೊದಲ ಸಲ, ಒಳಗೆ ಮಾಲೇ ಇಲ್ಲದ ಪಾರ್ಸೆಲ್ಲೊಂದನ್ನು ಅವನು ಒಪ್ಪಿಕೊಂಡಿದ್ದ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸಂಜೆ ಊಟಕ್ಕೆ ಕೂತವನು ಕೈ ತೊಳೆದು ಎದ್ದ. ಹೆಂಡತಿ ಬೀರು ತೆಗೆದು, ಟವೆಲ್ಲುಗಳ ನಡುವಿನಿಂದ ರೀಲು ತಂದು ಅವನ ಮುಂದಿಟ್ಟಳು.

"ಅಜ್ಜಿ ನನ್ನ ಹತ್ರನೂ ಬಂದಿದ್ರು. ಹಾಕಿ ಇದನ್ನ. ಅವರದೊಂದು ತೆಗೀರಿ. ಉಳಿದಿದ್ದು ಸಮುದ್ರಕ್ಕಾಯ್ತು."

"ಒಂದೇ ತೆಗೀತೀನಿ," ಎಂದ. ಹಾಗೆಂದೇ ಅವನೂ ನಂಬಿದ್ದ, ಪಾಪ.

ಪ್ರಯಾಣದ ಹಿಂದಿನ ದಿನ ಭಾನುವಾರ. ಬೆಳಗ್ಗೆಯೇ ಮೂಲೆಮನೆಗೆ ಹೋದ. "ಅಜ್ಜಿ, ಹೋದ ಸಲದ್ದು ಸರಿ ಬಂದಿಲ್ಲ, ಇನ್ನೊಂದು ತೆಗೀತೀನಿ." ಅಜ್ಜಿ ಬೇಸರಪಡಲಿಲ್ಲ, ತಲೆ ಬಾಚಿಕೊಂಡು ಬರುತ್ತೇನೆಂದು ಒಳಹೋದಳು. ಅಜ್ಜಿಯ ತಲೆ ಬಾಚುವುದು ಸಣ್ಣ ಕೆಲಸವೇ? ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಟೈಲರಮ್ಮನ ಕಿವಿಗೆ ಮಾತು ಬಿದ್ದಿತ್ತು.

"ಸರಿ ಬಂದಿಲ್ವಾ? ಹಾಗಾದ್ರೆ ನಂದೂ ಸರಿ ಬಂದಿರಲ್ಲ," ಎಂದು ಹೊಸ ಬಟ್ಟೆಯಲ್ಲೇ ಬಂದು ನಿಂತಳು. ಅವಳ ಗೋಡೆಯ ಮೊಳೆ ಪಾರ್ಸೆಲಣ್ಣನ ಕಣ್ಣಮುಂದೆ ಬಂತು. ಇಲ್ಲವೆನ್ನಲು ಆಗಲಿಲ್ಲ. ಹೆಡ್‌ಮಾಸ್ತರರು ಪುಸ್ತಕ ಬದಲಾಯಿಸಿಕೊಂಡು ಬಂದರು. ಕೂತು ಒಂದು, ನಿಂತು ಒಂದು, ಅವರ ಹೆಂಡತಿ ಗೇಟಿನಿಂದ ಇಣುಕಿದ್ದಕ್ಕೆ ಜೋಡಿಯಾಗಿ ಒಂದು. ಬೇಕರಿಯವನು ಒಲೆ ಆರಿಸಿ ಬಂದ. ಬಾಣಂತಿಯೊಬ್ಬಳು ಕೂಸನ್ನು ಹೊತ್ತು ತಂದಳು. ಕೂಸು ಅಳು ನಿಲ್ಲಿಸುವ ತನಕ ಫೋಟೋ ಮೇಲೆ ಫೋಟೋ. ಸುದ್ದಿ ಮುಟ್ಟಿ ಸ್ಟೇಷನ್ ಮಾಸ್ತರರು ಅತ್ತೆಮಾವನ ಸಮೇತ ಜೀಪಿನಲ್ಲಿ ಬಂದಿಳಿದರು. ಹಿಂದೆಯೇ ಇನ್‌ಸ್ಪೆಕ್ಟರ್ ಸಾಹೇಬರು, ಈ ಸಲ ಯಾರೂ ಹೇಳದೆಯೇ ಹೊಟ್ಟೆ ಒಳಗೆಳೆದುಕೊಂಡು. ಭಾಮೈದ ಪಕ್ಕದಲ್ಲಿ ನಿಂತು, "ಬೆಳಕು ಎಡಗಡೆ ಭಾವ," ಎನ್ನುತ್ತಾ ತನ್ನದೂ ಎರಡು ತೆಗೆಸಿಕೊಂಡ. ಪಾರ್ಸೆಲಣ್ಣ ಪ್ರತಿ ಸಲ ರೀಲು ಮುಂದೆ ಸರಿಸುವ ಲಿವರ್ ತಿರುಗಿಸುವಾಗಲೂ ಕ್ಯಾಮೆರಾದ ಮೇಲಿನ ಅಂಕಿ ನೋಡುತ್ತಿದ್ದ, ಪ್ರತಿ ಸಲವೂ ಸಮುದ್ರ ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಆದರೂ ಏನೋ ಒಂದು ಸಮಾಧಾನ. ಇಷ್ಟು ದಿನ ತಾನು ಯಾರಿಗೆ ಸುಳ್ಳು ಹೇಳಿದ್ದನೋ ಅವರ ಮುಖಗಳು ಒಂದೊಂದಾಗಿ ನಿಜವಾಗಿ ಒಳಗೆ ಹೋಗುತ್ತಿದ್ದವು.

ಅಜ್ಜಿ ಬಂದು ಕುರ್ಚಿಯಲ್ಲಿ ಕೂತಾಗ ಉಳಿದದ್ದು ಎರಡು. ಒಂದು ಅಜ್ಜಿಗೆ, ಒಂದು ಸಮುದ್ರಕ್ಕೆ. ಸಾಕು, ಹೆಂಡತಿ ಕೇಳಿದ್ದೂ ಒಂದೇ ಫೋಟೋ ತಾನೇ ಎಂದುಕೊಂಡ. ಕ್ಲಿಕ್.

"ಅಜ್ಜಿ ಕಣ್ಣು ಮುಚ್ಚಿದ್ರು," ಎಂದಳು ಹೆಂಡತಿ. ಅವಳು ಅಜ್ಜಿಯ ಕುರ್ಚಿಯ ಪಕ್ಕದಲ್ಲೇ ನಿಂತಿದ್ದಳು.

"ಇಲ್ಲ ಬಿಡೇ, ಸರಿಯಾಗೇ ಇತ್ತು."

"ಮುಚ್ಚಿದ್ರು ರೀ. ನಾನು ನೋಡ್ದೆ. ಇನ್ನೊಂದು ತೆಗೀರಿ."

ಅವನು ಅವಳ ಮುಖ ನೋಡಿದ. ಅವಳು ಅಜ್ಜಿಯ ಕೂದಲು ಸರಿಮಾಡುತ್ತಿದ್ದಳು. ಕಣ್ಣು ಮುಚ್ಚಿದ ಫೋಟೋ ಎಂದರೆ ಏನೆಂದು ಅವಳಿಗಿಂತ ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಕಣ್ಣು ಅಗಲಿಸಿ ನೇರ ನೋಡಿದಳು, ಕ್ಯಾಮೆರಾದ ಒಳಗೇ ತಂಗಿ ಕೂತಿದ್ದಾಳೇನೋ ಎಂಬಂತೆ. ಕ್ಲಿಕ್. ಆಮೇಲೆ ಲಿವರ್ ತಿರುಗಲಿಲ್ಲ. ಹೆಂಡತಿ ಅಜ್ಜಿಯನ್ನು ಎಬ್ಬಿಸಲು ಬಗ್ಗಿದ್ದಳು. ನೋಡಿರಲಿಕ್ಕಿಲ್ಲ ಎಂದುಕೊಂಡು ಅವನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ.

ಅಂಗಡಿಯ ಯಜಮಾನರ ಹತ್ತಿರ ಓಡಿದರೆ ಹೊಸ ರೀಲು ಬಂದಿರಲಿಲ್ಲ. ಸಂಜೆಯ ರೈಲಿನಲ್ಲಾದರೂ ಬರಬಹುದೆಂದು ತಾನೇ ಹೋಗಿ ಇಳಿದ ಪಾರ್ಸೆಲ್ಲುಗಳನ್ನೆಲ್ಲ ತಡಕಿದ. ಬಂದದ್ದು ಬರೀ ಗಡಿಯಾರಗಳು. ಮುಗಿದ ರೀಲನ್ನು ಬಿಚ್ಚಿ, ತೊಳೆಯುವವರಿಗೆ ತಾನೇ ಪಾರ್ಸೆಲ್ ಕಟ್ಟಿ ಕಳಿಸಿದ. ಅಷ್ಟು ಚೆಂದದ ಗಂಟನ್ನು ಅವನು ಹಿಂದೆಂದೂ ಹಾಕಿರಲಿಲ್ಲ.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಆ ಫೋಟೋಗಳು ಬಂದವು, ಒಂದೂ ಕೆಡಲಿಲ್ಲ. ಹೆಡ್‌ಮಾಸ್ತರರಿಗೆ ತಲೆ ಇತ್ತು. ಅಜ್ಜಿಯ ಫೋಟೋ ಚೀಲದಲ್ಲಿ ಕೂತು ತಂಗಿಯ ಮನೆ ಸೇರಿತು. ಆ ಬೀದಿ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಮೆಟ್ಟಿಲು, ಕಾಂಪೌಂಡು, ಮೂಲೆಮನೆ ಎಲ್ಲ ಹೋದವು. ಅಲ್ಲಿದ್ದವರು ಎಲ್ಲೆಲ್ಲೋ ಚೆದುರಿದರು. ಆದರೆ ಅವರ ಮಕ್ಕಳು ಮೊಮ್ಮಕ್ಕಳ ಮನೆಗೆ ಹೋದರೆ ಇವತ್ತಿಗೂ ಗೋಡೆಯ ಮೇಲೆ ಆ ಭಾನುವಾರ ಕಾಣುತ್ತದೆ. ನೋಡಿದರೆ ಎದೆ ತುಂಬಿ ಬರುತ್ತದೆ.

ಪಾರ್ಸೆಲಣ್ಣನಿಗೆ ಇದೊಂದೂ ಆಗ ಗೊತ್ತಿರಲಿಲ್ಲ. ರೈಲಿನಲ್ಲಿ ಖಾಲಿ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಇವಳಿಗೆ ಹೇಗೆ ಹೇಳುವುದಪ್ಪ ಎಂದು ಒದ್ದಾಡುತ್ತಿದ್ದ. ದಾರಿಯಲ್ಲಿ ನಿಂತ ಸ್ಟೇಷನ್ನುಗಳಲ್ಲೆಲ್ಲ ಇಳಿದು ರೀಲು ಸಿಗುತ್ತದೆಯೇ ಎಂದು ವಿಚಾರಿಸಿದ. ಬಾಚಣಿಗೆ ಸಿಕ್ಕಿತು, ಬೀಗ ಸಿಕ್ಕಿತು, ರೀಲು ಸಿಗಲಿಲ್ಲ. ಹೆಂಡತಿ ಕಿಟಕಿಗೆ ಮುಖ ಒಡ್ಡಿ ಕೂತಿದ್ದಳು. ಗಾಳಿ ಬದಲಾದಾಗ ಅವಳಿಗೆ ಮೊದಲು ಗೊತ್ತಾಯಿತು. "ಉಪ್ಪಿನ ವಾಸನೆ ಬಂತು ರೀ," ಎಂದಳು. ಅವನಿಗೆ ಹೇಳಲು ಇನ್ನೂ ಕಷ್ಟವಾಯಿತು.

ಅವಳ ಊರಿನಲ್ಲಿ ಒಂದು ಚಹಾ ಅಂಗಡಿ, ಬಲೆ ಹೆಣೆಯುವವರ ಗುಡಿಸಲುಗಳು, ಉದ್ದಕ್ಕೆ ಮರಳು, ಅಷ್ಟೇ ಇದ್ದದ್ದು. ಅವಳು ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋಗಿ ನಿಂತಳು. ತಿರುಗಿ, ಕೂದಲು ಸರಿಮಾಡಿಕೊಂಡು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು. ಅವನು ಕ್ಯಾಮೆರಾವನ್ನು ಬಂಡೆಯ ಮೇಲಿಟ್ಟ. ಈಗ ಹೇಳಬೇಕು ಎಂದುಕೊಂಡ. ಹೇಳದೆ ಕಡ್ಡಿ ಎಳೆದು, ಗುಂಡಿ ಒತ್ತಿ, ಮರಳಿನಲ್ಲಿ ಎಡವುತ್ತಾ ಓಡಿ ಅವಳ ಪಕ್ಕ ನಿಂತ. ಗುರ್, ಕ್ಲಿಕ್. ಅವಳು ಕಣ್ಣು ಮಿಟುಕಿಸಲಿಲ್ಲ.

"ಸರಿ ಬರ್ಲಿಲ್ಲ ಅನ್ಸುತ್ತೆ, ಇನ್ನೊಂದು," ಎಂದ. ಮತ್ತೆ ಓಡಿದ. ದೋಣಿಯ ಪಕ್ಕ ಒಂದು ಎಂದು ಅವಳೇ ಕರೆದಳು, ಓಡಿದ. ತಾನು ಚಿಕ್ಕವಳಿದ್ದಾಗ ಕೂರುತ್ತಿದ್ದ ಕಲ್ಲು ತೋರಿಸಿದಳು, ಅಲ್ಲಿಯೂ ಓಡಿದ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಬಲೆ ಹೆಣೆಯುವವರು ಕೆಲಸ ಬಿಟ್ಟು ಇವನ ಓಟ ನೋಡುತ್ತಿದ್ದರು. ಅಂಗಿ ಒದ್ದೆ, ಚಪ್ಪಲಿಯಲ್ಲಿ ಮರಳು. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಏದುಸಿರು ಬಿಡುತ್ತಾ, "ನೋಡೇ, ನಿನಗೊಂದು ಮಾತು ಹೇಳ್ಬೇಕು," ಎಂದ.

"ರೀಲಿಲ್ಲ ಅಂತ ತಾನೇ," ಎಂದಳು ಅವಳು. "ಅಜ್ಜಿ ಫೋಟೋ ಆದ್ಮೇಲೆ ಲಿವರ್ ಸಿಕ್ಕಾಕ್ಕೊಂಡಿದ್ದು ನಾನು ನೋಡ್ಲಿಲ್ವಾ."

ಅವನು ಬೆಪ್ಪಾಗಿ ನಿಂತ. "ಮತ್ತೆ ಬೆಳಗ್ಗೆಯಿಂದ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸ್ಬಿಡ್ತಿದ್ರಿ." ಅವಳು ಅವನ ತೋಳಿನ ಮರಳು ಕೊಡವಿದಳು. "ರೀಲಿದ್ದಿದ್ರೆ ಒಂದು ತೆಗೆದು ಪೆಟ್ಟಿಗೆಗೆ ಹಾಕ್ತಿದ್ರಿ. ಮದುವೆಯಾದಾಗಿನಿಂದ ನೀವು ನನ್ನ ಪಕ್ಕ ನಿಲ್ಲೋಕೆ ಅಂತ ಒಂದು ದಿನ ಓಡಿ ಬಂದಿದ್ರಾ? ಇವತ್ತು ದಿನಪೂರ್ತಿ ಓಡಿ ಓಡಿ ಬಂದ್ರಲ್ಲ."

ಅವಳು ಮತ್ತೆ ನೀರಿನ ಕಡೆಗೆ ಬೆನ್ನು ಮಾಡಿ, ಮುಖದ ಮೇಲಿನ ಕೂದಲು ಸರಿಸಿ, ಕಣ್ಣು ದೊಡ್ಡದಾಗಿ ಬಿಟ್ಟು ನಿಂತಳು.

"ಬೆಳಕಿರುವಾಗ್ಲೇ ಇನ್ನೊಂದ್ಸಲ ಇಡಿ," ಎಂದಳು.

ಪಾರ್ಸೆಲಣ್ಣ ಬಂಡೆಯ ಹತ್ತಿರ ಹೋಗಿ, ಕಡ್ಡಿ ಎಳೆದು, ಗುಂಡಿ ಒತ್ತಿ ಓಡಿದ.